ಬೆಕ್ಕು ಬರೆದ ಪತ್ರ

ಪ್ರೀತಿಯ ಗೆಳೆಯ,

ನಿನ್ನ ಪ್ರಶ್ನೆ ಒಂದೇ ಸಾಲಿನದು: ‘ತಂಗಿ ಮುಂದಿನ ತಿಂಗಳು ಕಾಲೇಜಿನ ಹಾಸ್ಟೆಲ್ ಸೇರುತ್ತಾಳೆ, ಹಾಲು ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ, ಅಲ್ಲಿ ಹೊಟ್ಟೆಗೆ ಏನು ಮಾಡಿಕೊಳ್ಳುತ್ತಾಳೆ?’ ಇದಕ್ಕೆ ಫೋನಿನಲ್ಲಿ ಎರಡು ನಿಮಿಷದಲ್ಲಿ ಉತ್ತರ ಹೇಳಿ ಮುಗಿಸಬಹುದಿತ್ತು. ಆದರೆ ಮೂರು ವರ್ಷಗಳಿಂದ ಕಾಲೇಜಿನ ಆವರಣದಲ್ಲಿ ವೀಗನ್ ಆಗಿ, ಅಂದರೆ ಪ್ರಾಣಿಗಳಿಂದ ಬಂದ ಯಾವುದನ್ನೂ ಮುಟ್ಟದೆ, ಬದುಕುತ್ತಿರುವವನನ್ನು ಇದುವರೆಗೆ ಯಾರೂ ಏನೂ ಕೇಳದೆ, ಕೊನೆಗೊಬ್ಬ ಕೇಳಿದನೆಂದ ಮೇಲೆ, ಅದನ್ನು ನಾಲ್ಕು ಜನರ ಮುಂದೆ ಹೇಳದೆ ಬಿಡುವುದು ನನ್ನಿಂದಾಗದು. ನೀನು ಈಗಲೇ ನಗುತ್ತಿದ್ದೀಯೆಂದು ಬಲ್ಲೆ. ಮೂರನೆಯ ಕುರ್ಚಿಯ ಮೇಲೆ ಆಣೆ, ಈ ಸಲ ಭಾಷಣ ಮಾಡುವುದಿಲ್ಲ.

ಮೊದಲು ಸಮಾಧಾನದ ಮಾತು. ಅವಳಿಗೆ ಬೇಕಾದ ಆಹಾರ ಅಲ್ಲಿ ಇದ್ದೇ ಇರುತ್ತದೆ. ಅದನ್ನು ಫಲಕದ ಮೇಲೆ ಹುಡುಕುವುದೇ ನಾವೆಲ್ಲ ಮೊದಲ ಹದಿನೈದು ದಿನ ಮಾಡುವ ತಪ್ಪು. ‘ಸಸ್ಯಾಹಾರ’ ಎಂದು ಬರೆದಿರುವ ಪಾತ್ರೆಯ ಮುಂದೆ ಅವಳು ನೆಮ್ಮದಿಯಿಂದ ನಿಂತಿದ್ದರೆ, ಆ ಪಾತ್ರೆಯೊಳಗಿನ ತರಕಾರಿಯನ್ನು ಬೆಣ್ಣೆಯಲ್ಲಿ ಬಾಡಿಸಿರುತ್ತಾರೆ, ಪಕ್ಕದ ಸೂಪಿಗೆ ಇಳಿಸುವ ಮೊದಲು ಕೆನೆ ಸುರಿದಿರುತ್ತಾರೆ, ಬ್ರೆಡ್ಡಿನ ಮೈ ಹೊಳೆಯಲೆಂದು ಬೇಯಿಸುವ ಮುನ್ನ ಹಾಲನ್ನೋ ಮೊಟ್ಟೆಯನ್ನೋ ಸವರಿರುತ್ತಾರೆ. ‘ಇದು ವೀಗನ್ನೇ?’ ಎಂದು ಕೇಳುವುದರಿಂದಲೂ ಪ್ರಯೋಜನವಿಲ್ಲ. ಹಣ ಪಡೆಯುವವರಿಗೆ ಆ ಪದ ಗೊತ್ತಿರುವುದಿಲ್ಲ. ಗೊತ್ತಿದ್ದವರು ಸರತಿ ಬೇಗ ಮುಂದೆ ಹೋಗಲೆಂದು ‘ಹೌದು’ ಎಂದುಬಿಡುತ್ತಾರೆ. ಊಟದ ನೂಕುನುಗ್ಗಲು ಶುರುವಾಗುವ ಅರ್ಧ ಗಂಟೆ ಮೊದಲು ಹೋಗಿ, ಸೌಟು ಹಿಡಿದವರನ್ನೇ ‘ಇದಕ್ಕೆ ಏನೇನು ಹಾಕಿದ್ದೀರಿ?’ ಎಂದು ಕೇಳಬೇಕು. ಅಡುಗೆ ಮಾಡುವವರಿಗೆ ತಮ್ಮ ಅಡುಗೆಯ ಬಗ್ಗೆ ಮಾತನಾಡುವುದೆಂದರೆ ಇಷ್ಟ, ಕೇಳುವವರೇ ಇರುವುದಿಲ್ಲ. ಹಾಗೆ ಕೇಳಿದ ಮೊದಲ ದಿನವೇ ನನಗೆ ಕೆನೆ ಬೀಳುವ ಮೊದಲು ತೆಗೆದಿಟ್ಟ ಒಂದು ಬಟ್ಟಲು ಬೇಳೆಯ ಸೂಪು ಸಿಕ್ಕಿತು.

ಆವರಣದ ಹೊರಗಿನ ಅಂಗಡಿಗಳಲ್ಲಿ ಕಷ್ಟ ಬೇರೆ ಬಗೆಯದು, ಏಕೆಂದರೆ ಅಲ್ಲಿ ಉತ್ತರ ಕೊಡಬೇಕಾದದ್ದು ಪೊಟ್ಟಣ, ಮತ್ತು ಪೊಟ್ಟಣದಲ್ಲಿ ಹಾಲು ವೇಷ ಮರೆಸಿಕೊಂಡಿರುತ್ತದೆ. ಕೇಸಿನ್, ವ್ಹೇ, ಲ್ಯಾಕ್ಟೋಸ್ ಎಲ್ಲವೂ ಅದೇ ಹಾಲಿನ ಮಕ್ಕಳು. ‘ನಾನ್-ಡೈರಿ’ ಎಂದು ದೊಡ್ಡಕ್ಷರದಲ್ಲಿ ಅಚ್ಚು ಹಾಕಿದ ಕಾಫಿ ಕ್ರೀಮರಿನಲ್ಲಿಯೂ ಸೋಡಿಯಂ ಕೇಸಿನೇಟ್ ಇರುವುದುಂಟು. ಲ್ಯಾಕ್ಟೋಸ್ ರಹಿತ ಹಾಲು ಕೂಡ ಹಾಲೇ. ಕಿಣ್ವ ಬೆರೆಸಿ ಅದರೊಳಗಿನ ಸಕ್ಕರೆಯನ್ನು ಒಡೆದಿರುತ್ತಾರೆ, ಅಷ್ಟೇ. ಉಪ್ಪು ಮಾತ್ರ ಹಾಕಿದ ಆಲೂಗಡ್ಡೆ ಚಿಪ್ಸ್ ಸಾಮಾನ್ಯವಾಗಿ ನಿರಪಾಯ, ಮಸಾಲೆಯ ಪುಡಿ ಉದುರಿಸಿದ್ದರಲ್ಲಿ ವ್ಹೇ ಪುಡಿ ಸೇರಿರಬಹುದು. ಹಾಲು, ಮೊಟ್ಟೆಗಳು ಅಲರ್ಜಿಕಾರಕಗಳಾದ್ದರಿಂದ ಅವುಗಳ ಹೆಸರನ್ನು ಪೊಟ್ಟಣದ ಮೇಲೆ ಕಡ್ಡಾಯವಾಗಿ ಹೇಳಬೇಕೆಂಬ ಕಾನೂನು ಬಹಳ ದೇಶಗಳಲ್ಲಿದೆ. ಆ ಸಾಲನ್ನು ಹುಡುಕಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧವನ್ನು ಅಲರ್ಜಿಯ ಆ ಸಾಲು ಎತ್ತಿ ತೋರಿಸುವುದಿಲ್ಲ. ಜಗಿಯುವ ಮಿಠಾಯಿಯ ಜೆಲಟಿನ್ ಪ್ರಾಣಿಗಳ ಚರ್ಮ ಮತ್ತು ಮೂಳೆಗಳದು, ಇ120 ಎಂಬ ಕೆಂಪು ಬಣ್ಣ ಕೊಚಿನೀಲ್ ಕೀಟದ್ದು, ಮಿಠಾಯಿಗೆ ಹೊಳಪು ಕೊಡುವ ಇ904 ಅರಗಿನ ಹುಳುವಿನದು. ‘ಹಾಲಿನ ಅಂಶ ಇರಬಹುದು’ ಎಂಬ ಎಚ್ಚರಿಕೆಯ ಅರ್ಥ ಮಾತ್ರ ಬೇರೆ: ಅದೇ ಯಂತ್ರದಲ್ಲಿ ಹಾಲಿರುವ ಪದಾರ್ಥವನ್ನೂ ತಯಾರಿಸುತ್ತಾರೆ ಎಂದು. ನನ್ನಂಥವರಿಗೆ ಆ ಸಾಲು ಬರಿಯ ಮಾಹಿತಿ, ಕೆಲವರಿಗೆ ಅದು ಜೀವದ ಪ್ರಶ್ನೆ. ಈ ಮಾತನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಹಾಸ್ಟೆಲ್ ಕೋಣೆಯಲ್ಲಿ ಅಡುಗೆಗೆ ಅನುಮತಿಯಿದ್ದರೆ ಬೇಳೆ, ಓಟ್ಸ್, ಕಡಲೆಬೀಜದ ಬೆಣ್ಣೆ ಇವಿಷ್ಟರಲ್ಲೇ ಒಂದು ವಾರ ತಳ್ಳಬಹುದು. ಸೋಯಾ ಹಾಲು ಕಾಫಿಯಲ್ಲಿ ಒಡೆದುಹೋದರೆ ಅವಳು ಅಳಬಾರದು. ಕಾಫಿಯ ಹುಳಿ ಮತ್ತು ಬಿಸಿ ಎರಡೂ ಸೇರಿ ಅದರ ಪ್ರೋಟೀನನ್ನು ಗರಣೆಗಟ್ಟಿಸುತ್ತವೆ, ಆದ್ದರಿಂದ ಮೊದಲು ಹಾಲನ್ನು ಬೆಚ್ಚಗೆ ಮಾಡಿಕೊಂಡು, ಸ್ವಲ್ಪ ಆರಿದ ಕಾಫಿಯನ್ನು ಅದಕ್ಕೆ ನಿಧಾನವಾಗಿ ಸುರಿಯಬೇಕು. ಇನ್ನು ಬಿ12 ಜೀವಸತ್ವದ ವಿಷಯದಲ್ಲಿ ನಾನು ತಮಾಷೆ ಮಾಡಲಾರೆ. ಅದನ್ನು ತಯಾರಿಸುವುದು ಸೂಕ್ಷ್ಮಾಣುಗಳು. ಗಿಡಗಳಿಂದ ನಂಬಿಕೊಳ್ಳುವಷ್ಟು ಸಿಗುವುದಿಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 2.4 ಮೈಕ್ರೋಗ್ರಾಂ ಮಾತ್ರ, ಆದರೆ ಯಕೃತ್ತಿನಲ್ಲಿ ವರ್ಷಗಟ್ಟಲೆ ಸಾಲುವ ದಾಸ್ತಾನು ಇರುವುದರಿಂದ ಕೊರತೆ ತಡವಾಗಿ ತಿಳಿಯುತ್ತದೆ, ತಿಳಿಯುವ ಹೊತ್ತಿಗೆ ನರಗಳಿಗೆ ಪೆಟ್ಟು ಬಿದ್ದಿರಬಹುದು. ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಲಿ. ಇದು ಅಣ್ಣನಾಗಿ ನೀನು ಹೇಳಬೇಕಾದ ಮಾತು, ನಾನು ಹೇಳಿದರೆ ಅವಳು ಕೇಳುವುದಿಲ್ಲ.

ಇಷ್ಟು ಬರೆದ ಮೇಲೆ, ನನ್ನ ಬಳಿಯಿದ್ದ ಎಲ್ಲಕ್ಕಿಂತ ಉಪಯುಕ್ತವಾದ ಉಪಾಯವನ್ನು ಬರೆಯಬೇಕೆಂದು ಕುಳಿತೆ: ‘ಕ್ಯಾಂಟೀನಿನಲ್ಲಿ ಯಾವ ವಿವರಣೆಯನ್ನೂ ಕೊಡಬೇಡ, ಹಾಲಿನ ಅಲರ್ಜಿ ಇದೆ ಎಂದುಬಿಡು.’ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಪತ್ರ ಎರಡು ದಿನ ಅಲ್ಲಿಯೇ ನಿಂತಿತು.

ಆ ಮಾತನ್ನು ನಾನು ಒಂದೂವರೆ ವರ್ಷ ಹೇಳಿಕೊಂಡು ಬಂದೆ. ಪ್ರಾಣಿಗಳ ಹೆಸರು ಹೇಳಿದಾಗ ಅಲುಗದ ಅಡುಗೆಮನೆ ಅಲರ್ಜಿ ಎಂದೊಡನೆ ಎದ್ದು ನಿಲ್ಲುತ್ತಿತ್ತು. ಮಧ್ಯಾಹ್ನದ ಪಾಳಿಯಲ್ಲಿ ಬಡಿಸುವ ಅಕ್ಕ ಕೈಗವಸು ಬದಲಿಸುತ್ತಿದ್ದರು, ಬಾಣಲೆಯನ್ನು ಇನ್ನೊಮ್ಮೆ ತೊಳೆಯುತ್ತಿದ್ದರು, ನನಗೆಂದೇ ಬೇರೆ ಸೌಟು ಎತ್ತಿಡುತ್ತಿದ್ದರು, ಹೊಸ ಸಾಮಾನು ಬಂದ ದಿನ ಒಳಗೆ ಹೋಗಿ ಚೀಲದ ಮೇಲಿನ ಅಕ್ಷರಗಳನ್ನು ಓದಿಕೊಂಡು ಬರುತ್ತಿದ್ದರು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನನ್ನನ್ನು ತೋರಿಸಿ, ‘ಇವರಿಗೆ ಹಾಲು ಆಗುವುದಿಲ್ಲ, ಜೋಪಾನ’ ಎಂದು ಹೇಳಿಕೊಡುತ್ತಿದ್ದರು. ನಾನು ವಿನಯದಿಂದ ತಲೆ ತಗ್ಗಿಸಿ ನಿಲ್ಲುತ್ತಿದ್ದೆ, ರೋಗಿಗಳು ನಿಲ್ಲುವ ಹಾಗೆ.

ಕೆಲವು ತಿಂಗಳ ಹಿಂದೆ ನಮ್ಮ ವಿಭಾಗದ ಒಬ್ಬರು ಪ್ರಬಂಧ ಸಲ್ಲಿಸಿದ ಸಂಜೆ ಅದೇ ಕ್ಯಾಂಟೀನಿನಲ್ಲಿ ಕೇಕು ಕತ್ತರಿಸಿದರು, ಮತ್ತು ನಾನು ಒಂದು ತುಂಡು ತೆಗೆದುಕೊಂಡು ಗೋಡೆಯ ಕಡೆ ತಿರುಗಿ ತಿಂದೆ. ಮೊದಲ ತುತ್ತಿಗೆ ಕಣ್ಣು ತಾನಾಗಿ ಮುಚ್ಚಿತು. ಗಾದೆಯ ಬೆಕ್ಕಿಗೂ ನನಗೂ ಇದ್ದ ವ್ಯತ್ಯಾಸವೆಂದರೆ, ಹಾಲು ಕುಡಿಯುವುದಿಲ್ಲವೆಂದು ಬೆಕ್ಕು ಯಾರಿಗೂ ಮಾತು ಕೊಟ್ಟಿರುವುದಿಲ್ಲ. ಕಣ್ಣು ತೆರೆದಾಗ ತಟ್ಟೆಗಳನ್ನು ಎತ್ತುತ್ತಿದ್ದ ಅಕ್ಕ ಎದುರಿಗಿದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು. ‘ಔಷಧಿ ಜೇಬಿನಲ್ಲಿದೆಯೇ? ಯಾರನ್ನಾದರೂ ಕರೆಯಲೇ?’ ಎಂದರು. ಆಗಲಾದರೂ ನಿಜ ಹೇಳಬಹುದಿತ್ತು. ನಾನು ಹೇಳಿದ್ದು ಇಷ್ಟು: ‘ಏನಿಲ್ಲ ಅಕ್ಕ, ಸ್ವಲ್ಪವಾದರೆ ಏನೂ ಆಗುವುದಿಲ್ಲ.’

ಮೂರು ವಾರ ಕಳೆದ ಮೇಲೆ ಸರತಿಯಲ್ಲಿ ನನ್ನ ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ತನಗೆ ಹಾಲಿನ ಅಲರ್ಜಿ ಇದೆಯೆಂದೂ, ಸೌಟು ಬೇರೆಯದೇ ಎಂದೂ ಕೇಳಿದಳು. ಅಕ್ಕ ತುಂಬ ಅಕ್ಕರೆಯಿಂದಲೇ ಉತ್ತರಿಸಿದರು: ‘ಸ್ವಲ್ಪ ತಗುಲಿದರೆ ಏನೂ ಆಗುವುದಿಲ್ಲಮ್ಮ, ಇವರಿಗೂ ಅದೇ ತೊಂದರೆ.’ ಆ ಹುಡುಗಿ ನನ್ನನ್ನು ಒಮ್ಮೆ ನೋಡಿದಳು, ತಟ್ಟೆಯನ್ನು ಮೆಲ್ಲಗೆ ಹಿಂದಕ್ಕಿಟ್ಟಳು, ಊಟ ಮಾಡದೆ ಹೊರಟುಹೋದಳು. ಹಾಲಿನ ಸಕ್ಕರೆ ಜೀರ್ಣವಾಗದವರಿಗೆ ಹೊಟ್ಟೆ ಕೆಡುತ್ತದೆ. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರಲ್ಲಿ ಕೆಲವರಿಗೆ ಸೌಟಿಗೆ ಅಂಟಿದ ಪಸೆಯೇ ಉಸಿರು ಕಟ್ಟಿಸಬಲ್ಲದು. ಇದೆಲ್ಲ ನನಗೆ ಗೊತ್ತಿತ್ತು. ಪೊಟ್ಟಣ ಓದುವುದರಲ್ಲಿ ನಾನು ಪಂಡಿತನಲ್ಲವೇ? ಕೈಯಲ್ಲಿ ಬೇರೆ ಸೌಟಿನಿಂದ ಬಡಿಸಿದ ತಟ್ಟೆ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

ವೀಗನ್ ಎಂಬ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಕೆಲವು ಸಂಗಾತಿಗಳು ಕಟ್ಟಿದ ವೀಗನ್ ಸೊಸೈಟಿಯಲ್ಲಿ. ಆ ಸಂಸ್ಥೆ ಮುಂದೆ ರೂಪಿಸಿಕೊಂಡ ವ್ಯಾಖ್ಯೆಯಲ್ಲಿ ‘ಸಾಧ್ಯವಾದಷ್ಟು, ಆಚರಿಸಲು ಆಗುವಷ್ಟು’ ಎಂಬರ್ಥದ ಒಂದು ಉದಾರವಾದ ಮಾತಿದೆ. ಕೇಕಿನ ರಾತ್ರಿ ಕೋಣೆಗೆ ಬಂದು ಆ ಮಾತನ್ನೇ ವಕೀಲನನ್ನಾಗಿ ಇಟ್ಟುಕೊಂಡು ವಾದಿಸಿದೆ, ಗೆದ್ದೆ ಕೂಡ. ಆ ತುಂಡಿನ ಮಟ್ಟಿಗೆ ನನ್ನನ್ನು ನಾನು ಕ್ಷಮಿಸಬಲ್ಲೆ. ಸುಳ್ಳಿನ ಪರವಾಗಿ ವಾದಿಸಲು ಆ ವಕೀಲ ಬರಲಿಲ್ಲ. ಸಮಯ ಉಳಿಯುತ್ತದೆಂದು ಆ ಸುಳ್ಳು ಹೇಳಿದೆನೆಂದು ಇಷ್ಟು ದಿನ ಅಂದುಕೊಂಡಿದ್ದೆ. ಹಾಗಲ್ಲ. ಕಾಯಿಲೆಯವನೊಡನೆ ಯಾರೂ ವಾದಕ್ಕೆ ನಿಲ್ಲುವುದಿಲ್ಲ, ನಂಬಿಕೆಯವನನ್ನು ಮಾತ್ರ ಎಲ್ಲರೂ ಎಳೆದು ನಿಲ್ಲಿಸಿಕೊಂಡು ‘ಗಿಡಕ್ಕೆ ನೋವಾಗುವುದಿಲ್ಲವೇ’, ‘ನಿನ್ನ ಚಪ್ಪಲಿ ಯಾವುದರದು’ ಎನ್ನುತ್ತಾರೆ. ನಾನು ನಂಬಿದ್ದನ್ನು ನಾನೇ ಎಲ್ಲರೆದುರು ಹೇಳಲು ನಾಚಿದೆ.

ಇನ್ನೊಂದು ಮಾತನ್ನು ಬರೆಯಬೇಕೆಂದಿರಲಿಲ್ಲ. ಆ ಸಂಜೆ ನನಗೆ ಹಸಿವಿರಲಿಲ್ಲ. ಅಲ್ಲಿದ್ದ ಇಪ್ಪತ್ತು ಜನರಲ್ಲಿ ಯಾರಾದರೊಬ್ಬರು ‘ಏ, ನೀನು ಇದನ್ನು ತಿನ್ನುವುದಿಲ್ಲವಲ್ಲ’ ಎಂದು ಕೈ ಹಿಡಿಯಬಹುದೆಂದು ಕಾಯುತ್ತ ನಾನು ಆ ತುಂಡನ್ನು ಎತ್ತಿಕೊಂಡೆ. ಅವರಲ್ಲಿ ಎಷ್ಟೋ ಜನರೊಡನೆ ಮೂರು ವರ್ಷ ಒಂದೇ ಮೇಜಿನಲ್ಲಿ ಉಂಡಿದ್ದೇನೆ. ಯಾರೂ ಗಮನಿಸಲಿಲ್ಲ. ಇಡೀ ಆವರಣದಲ್ಲಿ ನಾನು ಏನು ತಿನ್ನುತ್ತೇನೆ, ಏನು ಬಿಡುತ್ತೇನೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡಿದ್ದ ಒಬ್ಬರೇ ಒಬ್ಬರು ಆ ಅಕ್ಕ, ಮತ್ತು ಅವರಿಗೆ ಗೊತ್ತಿದ್ದುದು ಸುಳ್ಳು.

ಸರಿ, ಇಷ್ಟು ಸಾಕು. ನಿನಗೆ ಇಂಥ ಪುಟಗಳನ್ನು ಓದುವಾಗ ಕೆಮ್ಮು ಬರುತ್ತದೆಂದು ನನಗೆ ಗೊತ್ತು. ಅದು ಯಾವುದರ ಅಲರ್ಜಿಯೋ ನಾನು ವಿಚಾರಿಸುವುದಿಲ್ಲ. ಅಕ್ಕನಿಗೆ ನಿಜ ಹೇಳಿದೆನೇ ಎಂದು ಕೇಳುತ್ತೀಯೆ. ಹೇಳಲೆಂದು ಎರಡು ಸಲ ಹೋದೆ. ಮೊದಲನೆಯ ಸಲ ಸರತಿ ಉದ್ದವಿತ್ತು. ಎರಡನೆಯ ಸಲ ಸರತಿಯೇ ಇರಲಿಲ್ಲ, ಅದು ಇನ್ನೂ ಕಷ್ಟವಾಯಿತು. ಅಂದಿನಿಂದ ಒಂಬತ್ತು ದಿನಗಳಾದವು, ಗೇಟಿನ ಹೊರಗಿನ ಬಾಳೆಹಣ್ಣು ಮತ್ತು ಕಡಲೆಬೀಜದ ಮೇಲೆ ಬದುಕಿದ್ದೇನೆ. ಇತಿಹಾಸದಲ್ಲಿ ಪ್ರಾಣಿಗಳಿಗಾಗಿ ಉಪವಾಸ ಮಾಡಿದವರು ಇದ್ದಾರು. ಬಡಿಸುವವರ ಕಣ್ಣು ತಪ್ಪಿಸಲು ಉಪವಾಸ ಮಾಡಿದ ಮೊದಲಿಗ ನಾನೇ ಇರಬೇಕು. ಈ ಪತ್ರವನ್ನು ಬಹಿರಂಗವಾಗಿ ಹಾಕುತ್ತಿರುವುದಕ್ಕೆ ಅದೂ ಒಂದು ಕಾರಣ: ಯಾರಾದರೂ ಓದಿ ಅವರಿಗೆ ಹೇಳಿಬಿಟ್ಟರೆ ನನ್ನ ಕೆಲಸ ಉಳಿಯುತ್ತದೆ. ಬೆಕ್ಕಿನ ಬುದ್ಧಿ ಎಲ್ಲಿ ಹೋಗುತ್ತದೆ!

ನಿನ್ನ ತಂಗಿಗೆ ಮೇಲಿನ ಎಲ್ಲವನ್ನೂ ಕಳಿಸು, ಅಲರ್ಜಿಯ ಉಪಾಯವೊಂದನ್ನು ಬಿಟ್ಟು. ‘ನಾನು ತಿನ್ನುವುದಿಲ್ಲ’ ಎಂದು ಹೇಳಲಿ. ಎರಡು ವಾರ ಹೆಚ್ಚು ಹಸಿದಾಳು, ಅಷ್ಟೇ. ಅವಳ ಹಾಸ್ಟೆಲಿನಲ್ಲಿ ಇನ್ನಿಬ್ಬರು ಮೂವರು ಇದೇ ಬಗೆಯವರು ಸಿಕ್ಕರೆ ಸೇರಿ ಮೆಸ್ಸಿಗೆ ಒಂದು ಅರ್ಜಿ ಬರೆಯಲಿ, ಒಬ್ಬರ ಮಾತಿಗೆ ಬದಲಾಗದ ಪಟ್ಟಿ ನಾಲ್ವರ ಸಹಿಗೆ ಬದಲಾಗುವುದನ್ನು ನಾನು ಕಂಡಿದ್ದೇನೆ; ಆ ನಾಲ್ವರಲ್ಲಿ ನಾನಿರಲಿಲ್ಲ ಎಂಬುದನ್ನು ಮಾತ್ರ ಹೇಳಬೇಡ. ಮೂರನೆಯ ಕುರ್ಚಿಯ ವಿಷಯವನ್ನಂತೂ ಖಂಡಿತ ಹೇಳಬೇಡ.

ನಾಳೆ ಮಧ್ಯಾಹ್ನ ಊಟದ ಅರ್ಧ ಗಂಟೆ ಮೊದಲು ಕ್ಯಾಂಟೀನಿಗೆ ಹೋಗುವವನಿದ್ದೇನೆ. ಹನ್ನೆರಡೂವರೆಗೆ ಫೋನ್ ಮಾಡು, ನಾನು ಎತ್ತಿದರೆ ಹೋಗಿಲ್ಲವೆಂದು ತಿಳಿ.

ಇಂತಿ ನಿನ್ನ,
ಕುರ್ಚಿ