ಟೈಲ್ಸ್ ಮೇಲಿರೋದು ಚಿನ್ನ ಅಲ್ಲ, ಆ ಕಥೆ ಪ್ರೇಮಕಥೆನೂ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಭಾನುವಾರದ ಪುರವಣಿಲಿ ಇರಾನಿನ ಹಳೇ ಟೈಲ್ಸ್ ಬಗ್ಗೆ ಬಂದ ಲೇಖನ ಓದಿದೆ, ಇಂಥ ವಿಷಯಕ್ಕೆ ಅರ್ಧ ಪುಟ ಕೊಟ್ಟಿದ್ದು ಖುಷಿನೇ, ಆದ್ರೆ ಫೋಟೋ ಕೆಳಗೆ ಚಿನ್ನದ ಲೇಪನ, ಪ್ರೇಮಿಗಳ ಬೇಟೆ ಅಂತ ಹಾಕಿದ್ದೀರಲ್ಲ, ಎರಡೂ ತಪ್ಪು.

ಅದು ಲಸ್ಟರ್, ಅಂದ್ರೆ ಲೋಹದ ಹೊಳಪು ಬರೋ ಚಿತ್ರಗೆಲಸ. ಬೆಣಚುಕಲ್ಲಿನ ಪುಡಿಗೆ ಸ್ವಲ್ಪ ಗಾಜು, ಸ್ವಲ್ಪ ಬಿಳಿ ಜೇಡಿಮಣ್ಣು ಸೇರಿಸಿ ಬಿಲ್ಲೆ ಮಾಡಿ, ಗಾಜಿನಂಥ ಲೇಪ (ಗ್ಲೇಜ್) ಹಾಕಿ ಸುಟ್ಟು, ಅದರ ಮೇಲೆ ಬೆಳ್ಳಿ-ತಾಮ್ರ ಬೆರೆತ ಬಣ್ಣದಲ್ಲಿ ಚಿತ್ರ ಬರೆದು ಮತ್ತೆ ಸುಡ್ತಿದ್ರು. ಈ ಸಲ ಭಟ್ಟಿಗೆ ಗಾಳಿ ಕಮ್ಮಿ, ಹೊಗೆ ಜಾಸ್ತಿ. ಆಗ ಲೋಹ ತೆಳ್ಳಗೆ ಗ್ಲೇಜಿಗೆ ಅಂಟಿಕೊಳ್ಳುತ್ತೆ, ಮೇಲಿನ ಮಸಿ ಉಜ್ಜಿದ್ರೆ ಹೊಳಪು. ಕಾಶಾನ್ ಊರಿನ ಕುಂಬಾರರ ಮನೆತನದ ಅಬುಲ್ ಖಾಸಿಂ 1301ರಲ್ಲಿ ಇದನ್ನೆಲ್ಲ ಬರೆದಿಟ್ಟಿದ್ದಾನೆ, ಕೆಂಪು ಚಿನ್ನದ ಥರ ಹೊಳೆಯುತ್ತೆ ಅಂತ ಅವನೂ ಹೇಳ್ತಾನೆ ಬಿಡಿ, ಆದ್ರೆ ಹೊಳಪಷ್ಟೇ ಚಿನ್ನದ್ದು.

ಇನ್ನು ಕಥೆ. ನಿಮ್ಮ ಫೋಟೋದ ಟೈಲಲ್ಲಿ ಒಂಟೆ ಮೇಲಿರೋನು ಇರಾನಿನ ಹಳೇ ರಾಜ ಬಹ್ರಾಮ್ ಗೂರ್, ಹಿಂದೆ ಕೂತಿರೋದು ವಾದ್ಯ ನುಡಿಸೋ ದಾಸಿ ಆಜಾದಾ. ಪರ್ಷಿಯನ್ ಕವಿ ಫಿರ್ದೌಸಿ 1010ರಲ್ಲಿ ಮುಗಿಸಿದ, ಇರಾನಿನ ರಾಜರ ಮಹಾಕಾವ್ಯ ಶಾಹ್‌ನಾಮಾದಲ್ಲಿ ಅವಳು ಇವನಿಗೆ ಸವಾಲು ಹಾಕ್ತಾಳೆ, ಗಂಡು ಜಿಂಕೆನ ಹೆಣ್ಣು ಮಾಡು, ಹೆಣ್ಣನ್ನ ಗಂಡು ಮಾಡು, ಇನ್ನೊಂದರ ಕಾಲು-ಕಿವಿ ಒಂದೇ ಬಾಣಕ್ಕೆ ಸೇರಿಸು ಅಂತ. ಅವನು ಒಂದರ ಕೊಂಬು ಹಾರಿಸಿ, ಇನ್ನೊಂದರ ತಲೆಗೆ ಕೊಂಬಿನ ಥರ ಎರಡು ಬಾಣ ನೆಟ್ಟು, ಮೂರನೇದು ಕಿವಿ ಕೆರ್ಕೊಳ್ಳೋಕೆ ಕಾಲೆತ್ತಿದಾಗ ಕಾಲು, ಕಿವಿ, ತಲೆ ಮೂರನ್ನೂ ಒಟ್ಟಿಗೆ ಹೊಲಿದುಬಿಡ್ತಾನೆ. ಅವಳಿಗೆ ಅಯ್ಯೋ ಅನ್ಸುತ್ತೆ, ಇದು ಮನುಷ್ಯರು ಮಾಡೋ ಕೆಲಸಾನಾ ಅಂತಾಳೆ, ಅಷ್ಟಕ್ಕೇ ಅವಳನ್ನ ಒಂಟೆಯಿಂದ ಕೆಳಗೆ ತಳ್ಳಿ ಮೇಲೆ ಒಂಟೆ ಹತ್ತಿಸ್ತಾನೆ. ಪ್ರೇಮಿಗಳಂತೆ!

ಇರಾನ್ ಗೆದ್ದ ಮಂಗೋಲ ದೊರೆ ಹುಲಗು ಖಾನನ ಮಗ ಅಬಾಖಾ 1270ರ ದಶಕದಲ್ಲಿ ಇರಾನಿನ ತಖ್ತ್-ಎ-ಸುಲೇಮಾನ್‌ನಲ್ಲಿ ಕಟ್ಟಿಸಿದ ಅರಮನೆ ಗೋಡೆಗೂ ಶಾಹ್‌ನಾಮಾದ ಟೈಲ್ಸ್ ಇತ್ತು. ಅಪ್ಪ 1258ರಲ್ಲಿ ಬಾಗ್ದಾದ್ ಹಾಳುಗೆಡವಿದ್ದ, ಮಗ ನೋಡಿದ್ರೆ ಗೆದ್ದ ದೇಶದ ಹಳೇ ರಾಜರ ಕಥೆಗಳ ಮಧ್ಯೆ ಬೇಸಿಗೆ ಕಳೀತಿದ್ದ, ನಂಗೆ ಮಜಾ ಅನ್ಸೋದು ಇದೇ, ನಿಮ್ಮ ಲೇಖನದಲ್ಲಿ ಇದರ ಸುದ್ದಿನೇ ಇಲ್ಲ.

ನಿಮ್ಮ ಫೋಟೋದ ಟೈಲಲ್ಲಿ ಆಜಾದಾ ಬೀಳೋದನ್ನ ತೋರಿಸಿಲ್ಲ ನಿಜ, ಆದ್ರೆ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿರೋ ಅದಕ್ಕೂ ಸ್ವಲ್ಪ ಹಿಂದಿನ ಇರಾನಿ ಬಟ್ಟಲಲ್ಲಿ ಅವಳು ಒಂಟೆ ಕಾಲ ಕೆಳಗೆ ಬಿದ್ದಿರೋದೂ ಇದೆ. ತಿದ್ದುಪಡಿ ಹಾಕೋದಾದ್ರೆ ಆ ಫೋಟೋನೂ ಜೊತೆಗೆ ಹಾಕಿ.

— ಒಬ್ಬ ಓದುಗ, ಮೈಸೂರು