ದ್ವೀಪದ ನಿಯಮ ಊರಿನ ಮನೆಗೂ ಬೇಕು

ಅಮೆರಿಕದ ನಮ್ಮ ಸಂಘದಲ್ಲಿ ಈಗ ಎರಡು ಬಗೆಯ ಮಾತು ಜಾಸ್ತಿ. ಒಂದು, ದಕ್ಷಿಣ ಕೆರೊಲಿನಾದ ಕಡಲ ದ್ವೀಪಗಳಲ್ಲಿ ಗಾಲ್ಫ್ ಬಡಾವಣೆಯ ಮನೆ ಕೊಂಡವರದ್ದು, ಇಲ್ಲವೇ ರಜೆಗೆ ಅಲ್ಲಿ ಬಾಡಿಗೆಮನೆ ಹಿಡಿದು ಬಂದವರದ್ದು. ಇನ್ನೊಂದು, ಊರಿನಲ್ಲಿ, ಅಂದರೆ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಹೊಸದುರ್ಗದವರೆಗೆ ಎಲ್ಲೋ ಒಂದು ಕಡೆ, ಮನೆ ಕಟ್ಟಿಸುತ್ತಿರುವವರದ್ದು. ಎಷ್ಟೋ ಸಲ ಎರಡೂ ಒಬ್ಬರದೇ. ಈ ಸಲ ಸಂಪಾದಕೀಯವನ್ನು ಕುಂಬಳೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹಾಗಾಗಿ ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಹಾಗಾಯಿತು. ನೋಡಿ ಅಷ್ಟೇನೂ ಖುಷಿಯಾಗಲಿಲ್ಲ.

ಆ ದ್ವೀಪಗಳ ಪೈಕಿ ಕಿಯಾವಾ, ಹಿಲ್ಟನ್ ಹೆಡ್ ಅಂದರೆ ಹೆಚ್ಚಿನವರಿಗೆ ಗಾಲ್ಫ್ ನೆನಪಾಗುತ್ತದೆ. ಕಿಯಾವಾದ ಓಷನ್ ಕೋರ್ಸಿನಲ್ಲಿ 1991ರ ರೈಡರ್ ಕಪ್ ನಡೆಯಿತು, 2012 ಮತ್ತು 2021ರಲ್ಲಿ ಪಿಜಿಎ ಚಾಂಪಿಯನ್‌ಶಿಪ್ ಕೂಡ. ಆಟದ ವಿಷಯ ಇಷ್ಟು ಸಾಕು, ನನಗೆ ಅದರ ಎಬಿಸಿಡಿ ಗೊತ್ತಿಲ್ಲ. ನನ್ನ ಕುತೂಹಲ ಇರುವುದು ಆ ಬಡಾವಣೆಗಳ ಮನೆಗಳ ಮೇಲೆ. ಹಿಲ್ಟನ್ ಹೆಡ್‌ನ ಸೀ ಪೈನ್ಸ್ ಬಡಾವಣೆಯನ್ನು ಚಾರ್ಲ್ಸ್ ಫ್ರೇಸರ್ 1950ರ ದಶಕದಲ್ಲಿ ಶುರುಮಾಡಿದಾಗಲೇ ಜಾಗದ ಕಾಗದಪತ್ರದೊಳಗೆ ಷರತ್ತು ಬರೆಸಿದ. ಮನಸ್ಸಿಗೆ ಬಂದ ಹಾಗೆ ಮರ ಕಡಿಯುವಂತಿಲ್ಲ, ಮನೆಗೆ ಕಣ್ಣು ಕುಕ್ಕುವ ಬಣ್ಣ ಬಳಿಯುವಂತಿಲ್ಲ. ನಿಮ್ಮ ದುಡ್ಡು, ನಿಮ್ಮ ಜಾಗ, ಆದರೂ ಮರಕ್ಕೆ ಕೊಡಲಿ ಹಾಕಬೇಕಾದರೆ ಕೇಳಬೇಕು. ನಮ್ಮವರು ಅಲ್ಲಿ ಚಕಾರ ಎತ್ತದೆ ಕೇಳುತ್ತಾರೆ, ಅದೇ ಆಶ್ಚರ್ಯ.

ದೀಪದ ವಿಷಯವೂ ಹಾಗೆಯೇ. ಆ ಕರಾವಳಿಗೆ ಲಾಗರ್‌ಹೆಡ್ ಎಂಬ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ. ಮೇಯಿಂದ ಅಕ್ಟೋಬರ್‌ವರೆಗೆ ರಾತ್ರಿ ಹೊತ್ತು ಕಡಲಿಗೆ ಕಾಣುವ ದೀಪ ಆರಿಸಿರಬೇಕು. ಮೊಟ್ಟೆಯೊಡೆದು ಬಂದ ಮರಿ ಬೆಳಕು ಜಾಸ್ತಿ ಇರುವ ಕಡೆಗೆ ಹೋಗುತ್ತದೆ. ಕತ್ತಲಲ್ಲಿ ಎಲ್ಲಕ್ಕಿಂತ ಬೆಳ್ಳಗೆ ಕಾಣುವುದು ಸಮುದ್ರ, ಅದನ್ನು ನಂಬಿ ಹುಟ್ಟಿದ ಜೀವ ಅದು. ನಡುವೆ ನಮ್ಮ ಬಾಲ್ಕನಿಯ ದೀಪ ಉರಿದರೆ ಮರಿ ಅತ್ತ ತಿರುಗುತ್ತದೆ. ರಸ್ತೆಗೆ ಬಂದು ಚಕ್ರದಡಿಗೆ ಸಿಗುತ್ತದೆ, ಇಲ್ಲವೇ ಬೆಳಿಗ್ಗೆಯ ಬಿಸಿಲಿಗೆ ಒಣಗಿ ಸಾಯುತ್ತದೆ.

ಇದನ್ನೆಲ್ಲ ಓದಿ ಅಲ್ಲಿಯವರು ಋಷಿಗಳು ಎಂದುಕೊಳ್ಳುವುದು ಬೇಡ. ಗಾಲ್ಫ್ ಕೋರ್ಸೇ ಕಾಡು ಕಡಿದು ಮಾಡಿದ್ದು. ಗೇಟು ಹಾಕಿ ಕೂತ ಶ್ರೀಮಂತರ ಜಾಗ, ಒಳಗೆ ಹೋಗಲಿಕ್ಕೂ ಪಾಸ್ ಬೇಕು. ಆಡುಬಾನ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ 1991ರಿಂದ ಗಾಲ್ಫ್ ಕೋರ್ಸುಗಳಿಗೆ ಪರಿಸರದ ಸರ್ಟಿಫಿಕೇಟ್ ಕೊಡುತ್ತಾ ಬಂದಿದೆ. (ಹಕ್ಕಿಗಳ ಆ ಹಳೆಯ ಆಡುಬಾನ್ ಸೊಸೈಟಿಯೇ ಬೇರೆ, ಇದೇ ಬೇರೆ.) ಗೊಬ್ಬರ ಎಷ್ಟು, ಕೀಟನಾಶಕ ಎಷ್ಟು, ನೀರು ಎಷ್ಟು, ಹಕ್ಕಿ ಪಕ್ಷಿಗೆ ಬಿಟ್ಟ ಜಾಗ ಎಷ್ಟು ಎಂದೆಲ್ಲ ಲೆಕ್ಕ ಕೊಡಬೇಕಾಗುತ್ತದೆ. ಒಳ್ಳೆಯದೇ. ಆದರೆ ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟಿನಿಂದ ಒಂದು ಬೆಕ್ಕನ್ನೂ ಉಳಿಸಲಿಕ್ಕೆ ಆಗುವುದಿಲ್ಲ ಎಂಬುದಕ್ಕೆ ಕಿಯಾವಾದ ಬಾಬ್‌ಕ್ಯಾಟ್ ಕಥೆಯೇ ಸಾಕ್ಷಿ.

ಬಾಬ್‌ಕ್ಯಾಟ್ ಅಂದರೆ ಮೋಟುಬಾಲದ ಕಾಡುಬೆಕ್ಕು. ಕಿಯಾವಾದಲ್ಲಿ ಮನೆಗಳ ನಡುವೆಯೇ ಓಡಾಡಿಕೊಂಡಿತ್ತು. ಇಲಿ ತಿನ್ನುತ್ತಿತ್ತು, ಜಿಂಕೆಮರಿ ತಿಂದು ಜಿಂಕೆಗಳ ಸಂಖ್ಯೆಯನ್ನೂ ಹದದಲ್ಲಿ ಇಡುತ್ತಿತ್ತು. 2007ರಿಂದ ಅವುಗಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಲೆಕ್ಕ ಇಡುತ್ತಿದ್ದರು. 2020ರ ಹೊತ್ತಿಗೆ ಸಂಖ್ಯೆ ಸರ್ರನೆ ಇಳಿಯಿತು. ಸತ್ತ ಬೆಕ್ಕುಗಳನ್ನು ಪರೀಕ್ಷೆ ಮಾಡಿದರೆ ಒಳಗೆ ಇಲಿಪಾಷಾಣ. ಬೆಕ್ಕಿಗೆ ಯಾರೂ ವಿಷ ಹಾಕಿರಲಿಲ್ಲ. ಇಲಿಗೆ ಹಾಕಿದ್ದರು. ಈಗಿನ ಇಲಿಪಾಷಾಣ ತಿಂದ ಕೂಡಲೇ ಕೊಲ್ಲುವುದಿಲ್ಲ, ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿ ನಾಲ್ಕೈದು ದಿನ ಸತಾಯಿಸುತ್ತದೆ. ಆ ದಿನಗಳಲ್ಲಿ ಇಲಿ ಮಂಕಾಗಿ ತೂರಾಡುತ್ತದೆ, ಬೆಕ್ಕಿಗೆ ಸುಲಭದ ತುತ್ತು. ಅಂಥ ಇಲಿ ತಿಂದಷ್ಟೂ ವಿಷ ಬೆಕ್ಕಿನ ಪಿತ್ತಜನಕಾಂಗದಲ್ಲಿ ಸೇರಿಕೊಳ್ಳುತ್ತಾ ಹೋಗುತ್ತದೆ.

ಇಲ್ಲಿ ಒಂದು ತೊಡಕು ಬಂತು. ಕೀಟನಾಶಕದ ಕಾನೂನು ರಾಜ್ಯದ ಕೈಯಲ್ಲಿ, ಊರಿನ ಆಡಳಿತ ತಾನೇ ನಿಷೇಧ ಹೇರುವಂತಿಲ್ಲ. ಹಾಗಾಗಿ ಅವರು ಮನೆಯವರನ್ನೇ ಹಿಡಿದರು. ಈ ಜಾತಿಯ ವಿಷ ನಮ್ಮ ಮನೆ ಸುತ್ತ ಹಾಕಿಸುವುದಿಲ್ಲ ಎಂದು ಮನೆಮಾಲೀಕರಿಂದ ಮಾತು ತೆಗೆದುಕೊಂಡರು, ಇಲಿ ಹಿಡಿಯುವ ಕಂಪನಿಗಳಿಂದಲೂ ತೆಗೆದುಕೊಂಡರು. ಆಮೇಲೆ ಮರಿಗಳು ಮತ್ತೆ ಕಾಣಿಸಿಕೊಂಡವು. ಗಾಲ್ಫ್ ದ್ವೀಪಗಳ ಪರಿಸರ ಕೆಲಸದಲ್ಲಿ ನನಗೆ ನಿಜಕ್ಕೂ ಹಿಡಿಸಿದ್ದು ಇದೊಂದೇ, ಯಾಕೆಂದರೆ ಇಲ್ಲಿ ಸರ್ಟಿಫಿಕೇಟ್ ಇಲ್ಲ, ಫಲಕ ಇಲ್ಲ, ಪ್ರತಿ ಮನೆಯೂ ತನ್ನ ಹಿತ್ತಿಲಿನ ಲೆಕ್ಕ ತಾನೇ ಕೊಡಬೇಕಾಯಿತು.

ವಿಷ ಒಬ್ಬರಿಗೆ ಹಾಕಿದರೆ ಇನ್ನೊಬ್ಬರಿಗೆ ಹೋಗುತ್ತದೆ ಎಂದು ಕಾಸರಗೋಡಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗೇರುತೋಟದ ಟೀ ಸೊಳ್ಳೆಗೆಂದು ಎರಡು ದಶಕ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು, ಅದು ಯಾರ ಮೈಗೆ ಬಂತು ಎಂಬುದು ಎಣ್ಮಕಜೆಗೆ, ಪಡ್ರೆಗೆ ಹೋದರೆ ಗೊತ್ತಾಗುತ್ತದೆ. ಪತ್ರಕರ್ತ ಶ್ರೀಪಡ್ರೆಯವರು ಮೊದಲು ಅದನ್ನು ಬರೆದಾಗ ಕೇಳಿದವರು ಕಡಿಮೆ. ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕುವ ಹೊತ್ತಿಗೆ 2011 ಆಗಿತ್ತು. ಇಷ್ಟಾದರೂ ಬ್ರೊಮಾಡಿಯೊಲೋನ್ ಎಂಬ ಇಲಿಪಾಷಾಣದ ಬಿಲ್ಲೆ ನಮ್ಮ ತೆಂಗಿನ ಮರದ ಮಂಡೆಯಲ್ಲೂ ಹಿತ್ತಿಲ ಕೊಟ್ಟಿಗೆಯಲ್ಲೂ ಇದೆ. ಕಿಯಾವಾದಲ್ಲಿ ಬೇಡ ಎಂದದ್ದು ಇದೇ ಜಾತಿಯ ವಿಷವನ್ನು. ನಮ್ಮ ಇಲಿಯನ್ನು ತಿನ್ನುವುದು ಕೇರೆ ಹಾವು, ಗೂಬೆ, ಕಾಡುಬೆಕ್ಕು. ಇವುಗಳ ಲೆಕ್ಕ ಇಡುವವರು ಇಲ್ಲಿ ಯಾರಿದ್ದಾರೆ ಹೇಳಿ?

ಈಗ ಮನೆ. ಇಲ್ಲಿಗೆ ಹತ್ತಿರ, ಕಡಲಿನ ಕಡೆಗೆ ಒಂದು ಕೆಲಸ ನಡೆಯುತ್ತಿದೆ. ಮನೆಯವರು ನಮ್ಮ ಸಂಘದವರೇ, ಹೆಸರು ಬೇಡ. ಇವರಂಥವರು ಇನ್ನೂ ಹತ್ತು ಜನ ಇದ್ದಾರೆ, ಅದೂ ಬಿಡಿ. ಮೇಸ್ತ್ರಿ ಫೋನಿನಲ್ಲಿ ನಕ್ಷೆ ತೋರಿಸಿದರು. ಎದುರಿನ ಇಡೀ ಅಂಗಳಕ್ಕೆ ಇಂಟರ್‌ಲಾಕ್. ಬದಿಯಲ್ಲಿ ಕಾರ್ಪೆಟ್ ಹುಲ್ಲು, ಅದು ಲಾರಿಯಲ್ಲಿ ಹಾಸಿಗೆ ಸುರುಳಿಯ ಹಾಗೆ ಬರುತ್ತದಂತೆ. ಕಡಲಿಗೆ ಮುಖ ಮಾಡಿ ನಾಲ್ಕು ಫ್ಲಡ್‌ಲೈಟ್. ಮೂಲೆಯಲ್ಲಿ ಬೋರ್‌ವೆಲ್ ಪಾಯಿಂಟ್. ಬಾವಿ ಇತ್ತಲ್ವಾ ಎಂದು ಕೇಳಿದೆ. "ಬಾವಿ ಪಾರ್ಕಿಂಗಿಗೆ ಅಡ್ಡ ಬಂತು ಮಾರಾಯ್ರೆ, ಮುಚ್ಚಿದ್ದು" ಅಂದರು. ಅಲ್ಲಿದ್ದ ಎರಡು ಪುನ್ನೆಮರ ಎಲ್ಲಿ ಎಂದು ನಾನು ಕೇಳಲಿಲ್ಲ. ಬುಡಗಳು ಅಲ್ಲೇ ಬಿದ್ದಿದ್ದವು.

ಇದೇ ಮನೆಯವರು ಅಮೆರಿಕದಲ್ಲಿ ಅಂಗಳದ ಓಕ್ ಮರದ ಒಂದು ಗೆಲ್ಲು ಕಡಿಸಲಿಕ್ಕೆ ಫೋಟೋ ಹೊಡೆದು ಅರ್ಜಿ ಹಾಕುವವರು.

ನೀರಿನ ಮಾತು ಬಂದಾಗ ನನಗೆ ಸಿಟ್ಟು ಸ್ವಲ್ಪ ಜಾಸ್ತಿಯೇ ಬರುತ್ತದೆ. ಹಿಲ್ಟನ್ ಹೆಡ್‌ನಲ್ಲಿ ನೆಲದಡಿಯ ನೀರನ್ನು ದ್ವೀಪದವರೂ ಪಕ್ಕದ ಸವಾನ್ನಾ ನಗರದವರೂ ಎಳೆದೆಳೆದು ಕೊಳವೆಬಾವಿಗಳಿಗೆ ಉಪ್ಪು ಹೊಕ್ಕಿತು, ಒಂದೊಂದನ್ನೇ ಮುಚ್ಚಬೇಕಾಯಿತು. ಈಗ ಸವಾನ್ನಾ ನದಿಯಿಂದ ನೀರು ತರಿಸುತ್ತಾರೆ, ಉಪ್ಪು ತೆಗೆಯುವ ಘಟಕ ಇಟ್ಟಿದ್ದಾರೆ, ಅಲ್ಲಿಯ ಹಲವು ಗಾಲ್ಫ್ ಕೋರ್ಸುಗಳಿಗೆ ಹೋಗುವುದು ಶುದ್ಧ ಮಾಡಿದ ಚರಂಡಿ ನೀರು. ಆ ಕರಾವಳಿಯ ಕೆಲವು ಕೋರ್ಸುಗಳಲ್ಲಿ ಪಾಸ್ಪಾಲಮ್ ಎಂಬ ಹುಲ್ಲು ಬೆಳೆಸುತ್ತಾರೆ, ಅದು ಸವಳು ನೀರನ್ನೂ ತಡೆದುಕೊಳ್ಳುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನಿ, ಬಂತಲ್ಲ. ನಮ್ಮ ಕಾಸರಗೋಡು ಪೇಟೆಗೆ ಚಂದ್ರಗಿರಿ ಹೊಳೆಯ ಬಾವಿಕ್ಕೆರೆಯಿಂದ ನೀರು ಬರುತ್ತದೆ. ಬೇಸಗೆ ಬಂದರೆ ಸಮುದ್ರದ ನೀರು ಅಲ್ಲಿವರೆಗೆ ಏರಿ ನಲ್ಲಿಯಲ್ಲಿ ಉಪ್ಪು ನೀರು ಬರುತ್ತಿದ್ದುದನ್ನು ನಮ್ಮಲ್ಲಿ ಎಷ್ಟೋ ಜನ ಕುಡಿದು ಬೆಳೆದಿದ್ದೇವೆ. ಪ್ರತಿ ವರ್ಷ ಮರಳಚೀಲದ ತಾತ್ಕಾಲಿಕ ಕಟ್ಟ, ಪ್ರತಿ ವರ್ಷ ಅದು ಒಡೆಯುವುದು, ಕಾಯಂ ಅಣೆಕಟ್ಟು ಬರಲಿಕ್ಕೆ ದಶಕಗಳೇ ಹಿಡಿದವು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರು ಇದು, ಕಿಯಾವಾದ ಹತ್ತಿರದ ಚಾರ್ಲ್ಸ್‌ಟನ್ ನಗರಕ್ಕೆ ಬೀಳುವುದು ಅದರ ಅರ್ಧವೂ ಅಲ್ಲ. ಮುರಕಲ್ಲಿನ ಇಳಿಜಾರು, ಗಿಡ್ಡ ಗಿಡ್ಡ ಹೊಳೆಗಳು, ಬಿದ್ದ ನೀರು ನಿಲ್ಲುವುದಿಲ್ಲ, ಸೀದಾ ಕಡಲಿಗೆ. ಅದಕ್ಕೇ ನಮ್ಮ ಹಿರಿಯರು ಮೇಲೆ ಮದಕ, ಅಂದರೆ ಮಳೆನೀರು ನಿಲ್ಲುವ ಕೆರೆ, ಉಳಿಸಿಕೊಂಡರು, ಏತಡ್ಕದ ತೋಡಿಗೆ ಸಾಲಾಗಿ ಕಟ್ಟ ಕಟ್ಟಿದರು, ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ಪಂಪು ಕರೆಂಟು ಏನೂ ಇಲ್ಲದೆ ನೀರನ್ನು ಅಂಗಳಕ್ಕೆ ಇಳಿಸಿಕೊಂಡರು. ಅಂಥ ಅಂಗಳಕ್ಕೆ ಇಂಟರ್‌ಲಾಕ್ ಹಾಕಿ, ಮಳೆನೀರನ್ನು ಪೈಪಿನಲ್ಲಿ ರಸ್ತೆಗೆ ಬಿಟ್ಟು, ಆರುನೂರು ಅಡಿಯಿಂದ ನೀರೆತ್ತಿ ಕಾರ್ಪೆಟ್ ಹುಲ್ಲಿಗೆ ಹಾಕುವುದು ಯಾವ ಲೆಕ್ಕ?

"ವರ್ಷಕ್ಕೆ ಹದಿನೈದು ದಿನ ಬರುವುದು, ಸ್ವಲ್ಪ ಚಂದ ಕಾಣಲಿ" ಎನ್ನುವವರಿದ್ದಾರೆ. ನಾವು ಬರುವುದು ಡಿಸೆಂಬರಿನಲ್ಲಿ. ಆಲಿವ್ ರಿಡ್ಲೆ ಆಮೆ ನಮ್ಮ ಕರಾವಳಿಗೆ ಬರುವುದೂ ಅದೇ ಹೊತ್ತಿಗೆ. ನೀಲೇಶ್ವರದ ತೈಕಡಪ್ಪುರದಲ್ಲಿ ಸಂಬಳ ಗಿಂಬಳ ಇಲ್ಲದೆ ರಾತ್ರಿ ಕಡಲ ಬದಿ ನಡೆದು ಮೊಟ್ಟೆ ಕಾಯುವ ಜನ ಇದ್ದಾರೆ. ಹದಿನೈದೇ ದಿನ ಉರಿದರೂ ನಮ್ಮ ಫ್ಲಡ್‌ಲೈಟ್ ಉರಿಯುವುದು ಸರಿಯಾಗಿ ಆ ಹದಿನೈದು ದಿನ. ಚಂದ್ರಗಿರಿ ಹೊಳೆಯಲ್ಲಿ ಇನ್ನೊಂದು ಆಮೆಯೂ ಇದೆ, ಕ್ಯಾಂಟರನ ದೈತ್ಯ ಮೆದುಚಿಪ್ಪಿನ ಆಮೆ, ಪ್ರಪಂಚದಲ್ಲೇ ಅಪರೂಪದ್ದು. ಜಿಲ್ಲೆಯವರು ಅದನ್ನು ತಮ್ಮದೇ ಜೀವಿ ಎಂದು ಘೋಷಿಸಿಕೊಂಡಿದ್ದಾರೆ, ಜೊತೆಗೆ ಬಿಳಿಹೊಟ್ಟೆಯ ಕಡಲಹದ್ದನ್ನೂ ಕಾಸರಕನ ಮರವನ್ನೂ. ಅನಂತಪುರ ದೇವಸ್ಥಾನದ ಕೆರೆಯಲ್ಲಿ ಬಬಿಯಾ ಮೊಸಳೆ ಇದ್ದದ್ದು ನಿಮಗೆ ನೆನಪಿದೆಯಲ್ಲ, 2022ರಲ್ಲಿ ಸತ್ತಾಗ ಎಷ್ಟು ಜನ ಸೇರಿದ್ದರು. ಕಿಯಾವಾದ ಕೊಳದ ಪಕ್ಕ ಮೊಸಳೆ ಮಲಗಿದ ಫೋಟೋ ಕಳಿಸಿ "ಇಲ್ಲಿ ಪ್ರಾಣಿ ಮನುಷ್ಯ ಒಟ್ಟಿಗೆ ಬದುಕುತ್ತಾರೆ" ಎಂದು ಬರೆಯುವವರಿಗೆ ಇದನ್ನು ಸುಮ್ನೆ ನೆನಪಿಸಿದೆ ಅಷ್ಟೆ.

ಇಲ್ಲಿ ನಮಗೆ ಷರತ್ತು ಬರೆಸುವ ಫ್ರೇಸರ್ ಇಲ್ಲ. ಕರಾವಳಿ ನಿಯಂತ್ರಣ ವಲಯದ ಕಾನೂನು 1991ರಿಂದ ಇದೆ, ಕಡಲಿಗೆ ಎಷ್ಟು ದೂರದಲ್ಲಿ ಕಟ್ಟಬೇಕು ಎಂದು ಅದು ಹೇಳುತ್ತದೆ. ದೀಪ ಯಾವ ಕಡೆಗೆ ತಿರುಗಿರಬೇಕು, ಬಾವಿ ಮುಚ್ಚಬಹುದೇ ಎಂದು ಹಿತ್ತಿಲಿಗೆ ಬಂದು ಕೇಳುವವರು ಯಾರೂ ಇಲ್ಲ. ಆದ್ದರಿಂದ ಸಂಘದಲ್ಲೇ ಒಂದು ಒಪ್ಪಂದ ಮಾಡಿಕೊಳ್ಳಬಹುದು ಎಂದು ನನ್ನ ಅಭಿಪ್ರಾಯ, ಕಿಯಾವಾದವರು ಇಲಿಪಾಷಾಣಕ್ಕೆ ಮಾಡಿಕೊಂಡ ಹಾಗೆ. ಊರಿನಲ್ಲಿ ಮನೆ ಕಟ್ಟಿಸುವವರು ಇದ್ದ ಬಾವಿಯನ್ನು ಮುಚ್ಚಬಾರದು. ಮಾಡಿನ ನೀರು ಆ ಬಾವಿಗೋ ಇಂಗುಗುಂಡಿಗೋ ಹೋಗಬೇಕು. ಕಡಲ ಕಡೆಯ ದೀಪಕ್ಕೆ ಮರೆ ಕಟ್ಟಿ, ಬಲ್ಬು ಹಳದಿ ಬಣ್ಣದ್ದು ಹಾಕಿಸಬೇಕು. ಇಲಿಗೆ ಬೋನು ಸಾಕು. ಹುಲ್ಲು ಬೇಕೇಬೇಕು ಅಂದರೆ ಮಳೆಗಾಲದಲ್ಲಿ ತಾನಾಗಿ ಬರುವ ಹುಲ್ಲನ್ನೇ ಕತ್ತಿಯಲ್ಲಿ ಸವರಿಸಿ, ಬೇಸಗೆಯಲ್ಲಿ ಅದು ಒಣಗಿದರೆ ಒಣಗಲಿ. ಪಕ್ಕದ ಮನೆಯ ಅಂಗಳವೂ ಆಗ ಒಣಗಿಯೇ ಇರುತ್ತದೆ.

ಮುಂದಿನ ಸಭೆಯಲ್ಲಿ ಇದನ್ನು ಮಂಡಿಸುತ್ತೇನೆ. ಬೇಡ ಎನ್ನುವವರು ಕಾರಣ ಬರೆದು ಕಳಿಸಿ, ಅದನ್ನೂ ಅಚ್ಚು ಹಾಕೋಣ. ಈ ಡಿಸೆಂಬರಿನಲ್ಲಿ ಊರಿಗೆ ಹೋಗುವವರು ನಿಮ್ಮ ಮನೆಯ ಹತ್ತಿರ ಸುರಂಗವೋ ಮದಕವೋ ಕಟ್ಟವೋ ಇನ್ನೂ ಕೆಲಸ ಮಾಡುತ್ತಿದ್ದರೆ ಒಂದು ಫೋಟೋ, ನಾಲ್ಕು ಸಾಲು ಕಳಿಸಿ. ಯುಗಾದಿ ಸಂಚಿಕೆಯಲ್ಲಿ ಅದಕ್ಕೆಂದೇ ಪುಟ ಬಿಟ್ಟಿರುತ್ತೇನೆ. ಹೊಸ ಮನೆಯ ಫೋಟೋಗಳಿಗೆ ಎಂದಿನಂತೆ ಕೊನೆಯ ಪುಟವಿದೆ, ಬಾವಿಯೂ ಕಾಣುವ ಹಾಗೆ ತೆಗೆಯಿರಿ.