ಲಾಬಿಯ ಗೋಲ್ಡ್‌ಫಿಶ್‌ಗೆ ಹುಷಾರಿಲ್ಲ, ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಲಾಬಿ ತೊಟ್ಟಿಯ ದೊಡ್ಡ ಗೋಲ್ಡ್‌ಫಿಶ್ ನಿನ್ನೆಯಿಂದ ರೆಕ್ಕೆ ಮುದುರಿಕೊಂಡು, ಮೇಲೆ ಬಂದು ಬಾಯಿ ಬಿಡುತ್ತಿದೆ. ನೀರು ಪರೀಕ್ಷಿಸಿದೆವು, ಅಮೋನಿಯಾ (ಮೀನಿನ ಮಲ, ಉಳಿದ ತಿಂಡಿಯಿಂದ ನೀರಲ್ಲಿ ಸೇರುವ ವಿಷ) ಇದೆ. ಅದು ಸೊನ್ನೆ ಇರಬೇಕು. ಹಾಗಾಗಿ ಸುಮ್ನೆ ಔಷಧಿ ಹಾಕೋದು ಬೇಡ, ಮೊದಲು ನೀರು ಸರಿ ಮಾಡೋಣ.

ಈ ವಾರ ದಿನಾ ಸಂಜೆ 6ಕ್ಕೆ ಕಾಲು ಭಾಗ ನೀರು ಬದಲಿಸುತ್ತೇವೆ. ನಲ್ಲಿ ನೀರನ್ನು ನೇರವಾಗಿ ಸುರಿಯಬೇಡಿ, ಕ್ಲೋರಿನ್ ಕಿವಿರನ್ನು ಸುಡುತ್ತದೆ. ಆಂಟಿ ಕ್ಲೋರಿನ್ ಹಾಕಿಟ್ಟ ಬಕೆಟ್ ನೀರನ್ನೇ ಬಳಸಿ. ಫಿಲ್ಟರ್ ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೇ ನೀರಲ್ಲೇ ಹಿಂಡಿ, ಇಲ್ಲದಿದ್ದರೆ ಅಮೋನಿಯಾ ಕಡಿಮೆ ಮಾಡುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ಏರ್ ಪಂಪ್ ರಾತ್ರಿಯೂ ಓಡಲಿ.

ಮಕ್ಕಳು ಪ್ರೀತಿಯಿಂದಲೇ ಬಿಸ್ಕತ್ತು ಹಾಕ್ತಾರೆ, ಆದರೆ ಎರಡು ದಿನ ಏನೂ ಬೇಡ ಅಂತ ಹೇಳಿ. ಶನಿವಾರ, ಭಾನುವಾರ ಇಬ್ಬರ ಸಹಾಯ ಬೇಕು. ಬರುವವರು ಇಲ್ಲೇ ತಿಳಿಸಿ.